ಮಂಗ ಸತ್ತರೆ ಮೊದಲು ಯಾರಿಗೆ ಹೇಳಬೇಕು?

ಸೇಡಂ, ಚಿತ್ತಾಪುರ, ತೆಂಗಳಿ ಸೀಮೆಯ ಹಳ್ಳಿಗಳಲ್ಲಿ ಮಂಗ ಸತ್ತಿತೆಂದರೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ. ಕರೆಂಟಿನ ತಂತಿ ಹಿಡಿದು ಬಿದ್ದದ್ದಿರಲಿ, ಸಿಮೆಂಟ್ ಲಾರಿಗೆ ಸಿಕ್ಕದ್ದಿರಲಿ, ಮುಪ್ಪಾಗಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿದ್ದಿರಲಿ, ಸ್ವಲ್ಪ ಹೊತ್ತಿಗೆ ಇಡೀ ಓಣಿ ಕೂಡುತ್ತದೆ. ಮೈ ತೊಳೆಯುತ್ತಾರೆ. ಕುಂಕುಮ ಹಚ್ಚಿ, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ ಬೀಳದಂತೆ ಕಟ್ಟುತ್ತಾರೆ. ಟ್ರ್ಯಾಕ್ಟರಿನ ಮೇಲೆ ಮೆರವಣಿಗೆ, ಮುಂದೆ ಭಜನೆ, ಹಲಗೆ. ದಾರಿಯುದ್ದಕ್ಕೂ ಟೆಂಗಿನಕಾಯಿ ಒಡೆಯುತ್ತಾರೆ; ಹೆಂಗಸರು ಕೂಸುಗಳ ಹಣೆಯನ್ನು ಅದರ ಪಾದಕ್ಕೆ ಮುಟ್ಟಿಸುತ್ತಾರೆ. ಗುಡಿಯ ಹಿಂದೆ ಕುಣಿ ತೋಡಿ ಮಣ್ಣು ಕೊಟ್ಟು, ಮೇಲೊಂದು ಕಲ್ಲು ನೆಡುತ್ತಾರೆ. ಎಷ್ಟೋ ಊರುಗಳಲ್ಲಿ ಆ ಕಲ್ಲು ಮುಂದೆ ಸಣ್ಣ ಗುಡಿಯೇ ಆಗಿದೆ.

ಸತ್ತ ಕಾಡುಜೀವಕ್ಕೆ ಇಷ್ಟು ಮರ್ಯಾದೆ ಕೊಡುವ ಜನರನ್ನು ಹೀಯಾಳಿಸಲು ನನಗೆ ಬಾಯಿ ಬರುವುದಿಲ್ಲ. ನನ್ನ ತಕರಾರು ಒಂದೇ. ಕುರ್ಚಿ ತರುವ ಮೊದಲು ಯಾರೂ ಒಂದು ಫೋನ್ ಮಾಡುವುದಿಲ್ಲ.

ಆ ಫೋನಿನ ಬೆಲೆ ಏನೆಂಬುದು ಮಲೆನಾಡಿನವರಿಗೆ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗತೊಡಗಿದರು. ಮೊದಮೊದಲು ವಿಷಮಶೀತ ಜ್ವರವಿರಬೇಕೆಂದು ಅಂದುಕೊಂಡದ್ದಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಎಚ್ಚೆತ್ತದ್ದು ಬೇರೊಂದು ಸುದ್ದಿಗೆ: ಅದೇ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸಾಯುತ್ತಿದ್ದವು. ಮಂಗ, ಮನುಷ್ಯ ಇಬ್ಬರೂ ಒಟ್ಟಿಗೆ ಸಾಯುತ್ತಿದ್ದಾರೆಂದರೆ ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ದಿಗಿಲು ಹುಟ್ಟಿತು. ಪರೀಕ್ಷೆ ಮಾಡಿದರೆ ಅದು ಹಳದಿ ಜ್ವರವಾಗಿರಲಿಲ್ಲ, ಜಗತ್ತು ಅಲ್ಲಿಯವರೆಗೆ ಕಂಡೇ ಇರದ ಹೊಸ ವೈರಸ್ ಆಗಿತ್ತು. ಆ ವರ್ಷ ದಾಖಲಾದ ರೋಗಿಗಳು 466. ಕಾಡಿನ ಹೆಸರೇ ರೋಗಕ್ಕೆ ಬಂತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಹೆಸರು ಮಂಗನದಾದರೂ ಮಂಗ ಇಲ್ಲಿ ಅಪರಾಧಿಯಲ್ಲ, ನಮ್ಮಂತೆ ಅದೂ ರೋಗಿ. ರೋಗ ಹೊತ್ತು ತಿರುಗುವುದು ಉಣ್ಣೆ. ಜೀವವಿರುವ ತನಕ ಮಂಗದ ಬಿಸಿ ಮೈಗೆ ಅಂಟಿಕೊಂಡಿರುವ ಉಣ್ಣೆಗಳು, ಮೈ ತಣ್ಣಗಾಗುತ್ತಿದ್ದಂತೆ ಕಳಚಿಕೊಂಡು ಸುತ್ತಲ ತರಗೆಲೆಗೆ ಉದುರುತ್ತವೆ, ಮುಂದೆ ಯಾರು ಬಂದರೂ ಹತ್ತುತ್ತವೆ. ಮಂಗ ಸತ್ತ ಜಾಗವೇ ರೋಗದ ಮಡುವಾಗುವುದು ಹೀಗೆ. ಅದಕ್ಕೇ ಮಲೆನಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆರೋಗ್ಯ, ಅರಣ್ಯ, ಪಶುವೈದ್ಯ ಇಲಾಖೆಗಳವರು ಮೈತುಂಬ ರಕ್ಷಣೆಯ ಉಡುಪು ತೊಟ್ಟು ಹೋಗುತ್ತಾರೆ. ಪರೀಕ್ಷೆಗೆ ಮಾದರಿ ತೆಗೆದು ಹೆಣವನ್ನು ಅಲ್ಲೇ ಸುಡುತ್ತಾರೆ, ಸುತ್ತಲ ನೆಲಕ್ಕೆ ಕೀಟನಾಶಕ ಪುಡಿ ಹೊಡೆಯುತ್ತಾರೆ, ಆ ಕಡೆ ದನ ಬಿಡಬೇಡಿ, ಸೊಪ್ಪಿಗೆ ಹೋಗಬೇಡಿ ಎಂದು ಸಾರುತ್ತಾರೆ. ಕಾಡಿನಲ್ಲಿ ಬಿದ್ದ ಒಂದು ಹೆಣ ಅಲ್ಲಿ ಊರಿಗೆಲ್ಲ ಮುನ್ಸೂಚನೆ.

ಕಲಬುರಗಿ ಜಿಲ್ಲೆ ಮಂಗನ ಕಾಯಿಲೆಯ ಸೀಮೆಯಲ್ಲ, ನಿಜ. 2012ರ ತನಕ ಬಂಡೀಪುರವನ್ನೂ ಯಾರೂ ಆ ಸೀಮೆಗೆ ಸೇರಿಸಿರಲಿಲ್ಲ. ಆ ವರ್ಷದ ಕೊನೆಗೆ ಅಲ್ಲಿ ಮಂಗಗಳು ಸತ್ತವು. ಅವುಗಳ ಹೆಣ ಮುಟ್ಟಿ, ಎತ್ತಿ, ಸುಟ್ಟವರಲ್ಲೇ ಕೆಲವರು ಜ್ವರದಿಂದ ಮಲಗಿದರು. ಪರೀಕ್ಷೆಯಲ್ಲಿ ಕ್ಯಾಸನೂರಿನ ವೈರಸ್ ಸಿಕ್ಕಿತು. ಅವರು ಮಾಡಿದ್ದು ತಮ್ಮ ಕೆಲಸವನ್ನೇ. ಯಾವುದಕ್ಕೆ ಕೈ ಹಾಕುತ್ತಿದ್ದೇವೆಂದು ಅವರಿಗೆ ಹೇಳಿದವರಿರಲಿಲ್ಲ. ನಮ್ಮ ಜಿಲ್ಲೆಯಲ್ಲೇ ಇರುವ ಚಿಂಚೋಳಿಯ ಕಾಡು ಈಗ ವನ್ಯಜೀವಿಧಾಮ. 134.88 ಚದರ ಕಿಲೋಮೀಟರಿನ ಆ ಒಣಕಾಡಿನ ಅಂಚಿಗೆ ಹಳ್ಳಿಗಳಿವೆ, ತಾಂಡಾಗಳಿವೆ, ದನ ಮೇಯುತ್ತವೆ. ಒಂದು ಮಂಗ ತಂತಿಗೆ ಸತ್ತರೆ ಕಾರಣ ಕಣ್ಣಿಗೇ ಕಾಣುತ್ತದೆ. ವಾರದೊಳಗೆ ನಾಲ್ಕು ಮಂಗ ಕಾರಣವಿಲ್ಲದೆ ಬಿದ್ದರೆ ಮೆರವಣಿಗೆ ನಿಲ್ಲಿಸಿ ಇಲಾಖೆಯವರನ್ನು ಕರೆಯಬೇಕು. ಒಂದೇ ಸತ್ತರೂ ಭಜನೆ ದೂರದಿಂದ ನಡೆಯಲಿ, ಹಾರವನ್ನು ಕೋಲಿನ ತುದಿಯಿಂದ ಹಾಕಲಿ, ಕೂಸುಗಳ ಹಣೆ ಮಾತ್ರ ಬೇಡ. ತಂತಿಯಲ್ಲೇ ಸಿಕ್ಕಿಬಿದ್ದ ಹೆಣವನ್ನು ಬಿದಿರಿನಿಂದ ಎಳೆಯುವ ಹುರುಪು ಯಾರಿಗೂ ಬೇಡ. ವಿದ್ಯುತ್ ಕಂಪನಿಯಾದ ಜೆಸ್ಕಾಂನವರು ಲೈನ್ ತೆಗೆದ ಮೇಲೆಯೇ ಅದರ ಹತ್ತಿರ ಹೋಗಬೇಕು. ಅವರ ದೂರಿನ ಸಂಖ್ಯೆ 1912.

ಮೈ ತಣ್ಣಗಾದ ಮೇಲೆ ಇಳಿದು ಹೊರಡುವ ಈ ಹುಳಗಳ ಸಂಗತಿ ಹಳೆಯದು. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಪ್ಲೇಗಿನ ಬೆನ್ನು ಹತ್ತಿದ್ದ. ಆಗಷ್ಟೇ ಸತ್ತ ಇಲಿಯನ್ನು ಮುಟ್ಟಿದವರಿಗೆ ರೋಗ ಬರುತ್ತಿತ್ತು, ಸತ್ತು ಬಹಳ ಹೊತ್ತಾದ ಇಲಿಯನ್ನು ಎತ್ತಿ ಒಗೆದವರಿಗೆ ಬರುತ್ತಿರಲಿಲ್ಲ. ಅವನ ಅನುಮಾನ ಚಿಗಟದ ಮೇಲೆ ಬಿದ್ದದ್ದು ಇದರಿಂದ. ಇಲಿಯ ಮೈ ಆರುತ್ತಿದ್ದಂತೆ ಚಿಗಟ ಹೊಸ ಬಿಸಿ ಮೈ ಹುಡುಕಿ ಜಿಗಿಯುತ್ತದೆ. ಬಹಳ ಹೊತ್ತಾದ ಹೆಣದಲ್ಲಿ ಚಿಗಟವೇ ಉಳಿದಿರುವುದಿಲ್ಲ. ಅವನ ಮಾತನ್ನು ಆಗ ಬಹಳ ಜನ ನಂಬಲಿಲ್ಲ. ಆ ಕಾಲದ ಹಳ್ಳಿಗರು ಮಾತ್ರ ವಿಜ್ಞಾನಕ್ಕೆ ಕಾಯದೆ, ಇಲಿ ಬಿದ್ದವೆಂದರೆ ಮನೆ ಕೀಲಿ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು.

ಇದೆಲ್ಲ ಅಜ್ಜನ ಕಾಲದ್ದು ಎನ್ನುವಂತಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಮ್ಮ ಭಾಗದವರಿಗೆ ಇನ್ನೂ ನೆನಪಿದೆ. ಬೀದರ, ಕಲಬುರಗಿಯ ಮಾಳಿಗೆಗಳೂ ಆ ರಾತ್ರಿ ಅಲುಗಿದ್ದವು. ಮಾರನೆಯ ವರ್ಷ ಮರಾಠವಾಡದ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಮೊದಲು ಇಲಿಗಳು ಬಿದ್ದವು, ಆಮೇಲೆ ಚಿಗಟದ ಕಾಟ ಹೆಚ್ಚಿತು, ಅದರ ಹಿಂದೆಯೇ ಜನರ ತೊಡೆಸಂದಿಯಲ್ಲಿ ಗಡ್ಡೆ ಎದ್ದವು. ಜನ ಬಿಟ್ಟುಹೋದ ಮನೆಗಳಲ್ಲಿ ಉಳಿದ ಕಾಳುಕಡಿ ತಿಂದು ಇಲಿ ಹೆಚ್ಚಿದ್ದವೆಂದು ಆಮೇಲೆ ಹೇಳಿದರು. ತೊಗರಿಯ ಕಣಜವೆನಿಸಿದ ಸೀಮೆಯಲ್ಲಿ ಕಾಳೂ ಇಲಿಯೂ ಯಾವತ್ತೂ ಒಂದೇ ಮನೆಯಲ್ಲಿರುತ್ತವೆ ಎಂಬುದನ್ನು ಮರೆಯಬಾರದು.

ನಮ್ಮ ಮನೆಗಳಲ್ಲಿ ಇಲಿ ಸತ್ತದ್ದು ಗೊತ್ತಾಗುವುದು ನಾತದಿಂದ. ಫರಸಿ ಕಲ್ಲು ಹಾಸಿ ಮೇಲೆ ಮಣ್ಣು ಹಾಕಿದ ಹಳೆಯ ಮಾಳಿಗೆಯಲ್ಲಿ ತೊಲೆಯ ಸಂದಿಗೆ ಸೇರಿ ಸತ್ತದ್ದನ್ನು ಹುಡುಕುವುದು ದೊಡ್ಡ ಕೆಲಸ. ಊದು ಹಾಕುತ್ತಾರೆ, ಕರ್ಪೂರ ಹಚ್ಚುತ್ತಾರೆ, ಫಿನೈಲ್ ಸುರಿಯುತ್ತಾರೆ. ಆದರೆ ನಾತ ಅಸಹ್ಯ ಮಾತ್ರ, ಅದರಿಂದ ರೋಗ ಬರುವುದಿಲ್ಲ. ಮಾಂಸ ಕೊಳೆಯುವಾಗ ಹೊರಡುವ ಅನಿಲಗಳಿಗೆ ನಾವು ಮೂಗು ಮುಚ್ಚಿಕೊಳ್ಳುವ ಹೊತ್ತಿಗೆ ಚಿಗಟಗಳು ಯಾವಾಗಲೋ ಹೊರಟುಹೋಗಿರುತ್ತವೆ. ಹೆದರಬೇಕಾದ ಇಲಿ ಬೇರೆ. ಹಾಡಹಗಲೇ ನಡುಮನೆಗೆ ತೂರಾಡುತ್ತ ಬಂದು ಬಿದ್ದದ್ದು, ಇನ್ನೂ ಬೆಚ್ಚಗಿರುವುದು, ಯಾವ ನಾತವೂ ಇಲ್ಲದ್ದು. ಅದನ್ನು ಬಾಲ ಹಿಡಿದು ಎತ್ತಿ ತಿಪ್ಪೆಗೆ ಒಗೆಯುವುದೇ ನಮ್ಮ ರೂಢಿ.

ಅದರ ಬದಲು ಹೀಗೆ ಮಾಡಬಹುದು. ಮಕ್ಕಳನ್ನೂ ನಾಯಿ ಬೆಕ್ಕುಗಳನ್ನೂ ಆಚೆ ಕಳಿಸಿ, ಕಿಟಕಿ ಬಾಗಿಲು ತೆಗೆಯಿರಿ. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಹೆಣದ ಮೇಲೂ ಸುತ್ತಲೂ ಚೆನ್ನಾಗಿ ನೆನೆಯುವಂತೆ ಹಾಕಿ ಹತ್ತು ನಿಮಿಷ ಬಿಡಿ. ಇದರಿಂದ ಒಂದೇ ಕೆಲಸದಲ್ಲಿ ಎರಡು ಲಾಭ. ಮೈಮೇಲಿನ ಹುಳ ಒದ್ದೆಯಾಗಿ ಜಿಗಿಯಲಾರವು. ಒಣಗಿದ ಉಚ್ಚೆ, ಹಿಕ್ಕೆಯ ದೂಳು ಏಳುವುದಿಲ್ಲ. ಒಣ ಪೊರಕೆಯಿಂದ ಗುಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಕೈಗೆ ರಬ್ಬರಿನ ಗ್ಲೌಸ್ ಸಿಕ್ಕರೆ ಸರಿ, ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಹೆಣವನ್ನು ಹಿಡಿದು, ಚೀಲವನ್ನೇ ಒಳಗು ಹೊರಗು ಮಾಡಿ ಗಂಟು ಹಾಕಿ, ಅದನ್ನು ಇನ್ನೊಂದು ಚೀಲಕ್ಕೆ ಹಾಕಿ. ಅದೇ ಬ್ಲೀಚಿಂಗ್ ನೀರಿನಿಂದ ನೆಲ ಒರೆಸಿ, ಕೈಯನ್ನು ಸಾಬೂನಿನಿಂದ ತೊಳೆಯಿರಿ. ಕೈಯಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು. ಮಳೆಗಾಲದಲ್ಲಿ ಇಲಿಯ ಉಚ್ಚೆ ಬೆರೆತ ನೀರು ಗಾಯಕ್ಕೆ ತಗುಲಿದರೆ ಇಲಿ ಜ್ವರಕ್ಕೆ ಅಷ್ಟೇ ಸಾಕು. ಬ್ಲೀಚಿಂಗ್ ಪೌಡರಿನ ಜೊತೆ ಕಕ್ಕಸು ತೊಳೆಯುವ ಆ್ಯಸಿಡ್ ಮಾತ್ರ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಉಸಿರು ಕಟ್ಟಿಸುತ್ತದೆ.

ಹೂಳುವುದಾದರೆ ಎರಡಡಿ ಆಳ ಬೇಕು, ಬಾವಿ ಬೋರ್‌ವೆಲ್‌ಗಳಿಂದ ದೂರವಿರಬೇಕು, ಮೇಲೊಂದು ಒಡೆದ ಫರಸಿ ಇಟ್ಟರೆ ನಾಯಿ ಕೆದರುವುದಿಲ್ಲ. ಇಲಿ ಪಾಷಾಣ ತಿಂದು ಸತ್ತದ್ದನ್ನಂತೂ ತಿಪ್ಪೆಗೆ ಒಗೆಯಲೇಬಾರದು. ಅದರ ಹೊಟ್ಟೆಯಲ್ಲಿ ಉಳಿದ ಸತುವಿನ ಫಾಸ್ಫೈಡ್ ತಿಂದ ಬೆಕ್ಕನ್ನೂ ನಾಯಿಯನ್ನೂ ಕೊಲ್ಲುತ್ತದೆ. ಹೊಸ ಬಗೆಯ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ತಿಂದ ಇಲಿ ಇನ್ನೂ ಕೆಲವು ದಿನ ಮಂಕಾಗಿ ಓಡಾಡುತ್ತಿರುತ್ತದೆ, ಗೂಬೆಗೆ ಸುಲಭವಾಗಿ ಸಿಗುತ್ತದೆ. ಇಲಿ ಹಿಡಿಯುತ್ತಿದ್ದ ಗೂಬೆಯೇ ಹೀಗೆ ಸತ್ತರೆ ಮರುವರ್ಷದ ಇಲಿಗೆ ಯಾರು?

ಹಾವಿನ ವಿಷಯ ಬೇರೆ. ಸತ್ತ ನಾಗರಕ್ಕೆ ತುಪ್ಪ ಹಾಕಿ ಸುಡುವ ರೂಢಿ ನಮ್ಮಲ್ಲಿದೆ, ತಪ್ಪೇನೂ ಇಲ್ಲ. ಆದರೆ ಸತ್ತ ಹಾವೂ ಕಚ್ಚಬಲ್ಲದು, ತಲೆ ಕತ್ತರಿಸಿದ್ದೂ. ಅಸ್ಸಾಮಿನ ವೈದ್ಯರು 2025ರಲ್ಲಿ ಇಂಥ ಮೂರು ಪ್ರಕರಣಗಳನ್ನು ವರದಿ ಮಾಡಿದರು. ಒಬ್ಬ ಕೋಳಿ ನುಂಗಲು ಬಂದ ನಾಗರದ ತಲೆ ಕಡಿದು ಹೆಣ ಎತ್ತುವಾಗ ತಲೆಯೇ ಹೆಬ್ಬೆರಳಿಗೆ ಕಚ್ಚಿತ್ತು. ಇನ್ನೊಬ್ಬನಿಗೆ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಸತ್ತ ನಾಗರ. ಮೂರನೆಯವನು ಮನೆಯವರು ಕೊಂದು ಹಿತ್ತಿಲಿಗೆ ಒಗೆದಿದ್ದ ಕಟ್ಟುಹಾವನ್ನು ಮೂರು ತಾಸಿನ ನಂತರ ಕುತೂಹಲಕ್ಕೆ ಎತ್ತಿಕೊಂಡಿದ್ದ. ಮೂವರೂ ಆಸ್ಪತ್ರೆಗೆ ಹೋಗಿ ಬದುಕಿದರು. ಫರಸಿ ಒಟ್ಟಿಲಿನ ಕೆಳಗೋ ತೊಗರಿ ಕಟ್ಟಿಗೆಯ ಬಣವೆಯಲ್ಲೋ ಸತ್ತ ಹಾವು ಕಂಡರೆ ಉದ್ದನೆಯ ಕೋಲು, ಸಲಿಕೆ ಬಳಸಿ. ಬಾಲ ಹಿಡಿದು ಫೋಟೋ ತೆಗೆಸಿಕೊಳ್ಳುವ ಹುಡುಗರಿಗೆ ಎರಡು ಬೈಗುಳ ಹೆಚ್ಚೇ ಬೀಳಲಿ.

ದೊಡ್ಡ ಪ್ರಾಣಿಗೆ ಬಂದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಹೊಲದ ಬದುವಿನಲ್ಲಿ ಚಿಗರಿಯೋ ಎತ್ತೋ ಇದ್ದಕ್ಕಿದ್ದಂತೆ ಸತ್ತು, ಹೊಟ್ಟೆ ಬೇಗನೆ ಉಬ್ಬಿ, ಮೂಗು ಗುದದಿಂದ ಕಪ್ಪನೆಯ ರಕ್ತ ಹೆಪ್ಪುಗಟ್ಟದೆ ಸೋರುತ್ತಿದ್ದರೆ ರೈತರಿಗೆ ಹೊಳೆಯಬೇಕಾದ ಹೆಸರು ನೆರಡಿ. ಆಂಥ್ರಾಕ್ಸ್ ಎಂದರೆ ಇದೇ. ಇದರ ನಡತೆ ವಿಚಿತ್ರ. ಹೆಣ ಮುಚ್ಚಿಕೊಂಡೇ ಇದ್ದರೆ ಒಳಗಿನ ರೋಗಾಣುಗಳು ಕೊಳೆತದಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ಚರ್ಮ ಸುಲಿದರೆ, ಹೊಟ್ಟೆ ಕೊಯ್ದರೆ, ಗಾಳಿ ತಗುಲಿದ್ದೇ ತಡ, ಬೀಜಾಣುಗಳಾಗಿ ಗಟ್ಟಿಗೊಂಡು ಮಣ್ಣಿನಲ್ಲಿ ದಶಕಗಳ ಕಾಲ ಕೂರುತ್ತವೆ. ಪಶುವೈದ್ಯರು ಇಂಥ ಹೆಣ ಕೊಯ್ಯದೆ ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ಮಾತ್ರ ತೆಗೆಯುವುದು ಇದಕ್ಕೇ. ಮಾಂಸದ ಆಸೆಗೆ ಕತ್ತಿ ಹಾಕಿದವನು ತನ್ನ ಮನೆಗಷ್ಟೇ ಅಲ್ಲ, ಮೊಮ್ಮಕ್ಕಳ ಕಾಲದ ದನಗಳಿಗೂ ರೋಗ ಬಿತ್ತಿರುತ್ತಾನೆ.

ಇಲ್ಲಿ ನಮ್ಮ ನೆಲವೇ ತೊಡಕು. ಸೇಡಂ, ವಾಡಿ, ಶಹಾಬಾದ, ಚಿತ್ತಾಪುರ ಎಲ್ಲವೂ ಕೂತಿರುವುದು ಸುಣ್ಣದ ಕಲ್ಲಿನ ಮೇಲೆ; ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ದೇಶಕ್ಕೆಲ್ಲ ಫರಸಿ ಹೋದದ್ದೂ ಇದರಿಂದಲೇ. ನೆರಡಿಯ ಬೀಜಾಣು ಹೆಚ್ಚು ಕಾಲ ಬಾಳುವುದು ಇಂಥ ಸುಣ್ಣದಂಶದ, ಕ್ಷಾರದ ಮಣ್ಣಿನಲ್ಲಿಯೇ. ಸತ್ತ ದನದ ಕುಣಿಗೆ ಸುಣ್ಣ ಸುರಿಯುವುದು ಹಳೆಯ ಪಾಠ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2008ರ ತನ್ನ ಮಾರ್ಗಸೂಚಿಯಲ್ಲಿ ನೆರಡಿಯ ಹೆಣಕ್ಕೆ ಸುಣ್ಣ ಬೇಡವೆಂದಿದೆ, ಕ್ಯಾಲ್ಸಿಯಂ ಬೀಜಾಣುವಿಗೇ ಆಸರೆಯಾಗಬಹುದೆಂದು. ಸುಡುವುದು ಮೇಲು. ಆರಡಿ ಆಳಕ್ಕೆ ಹೂಳಿ ಎನ್ನುವ ಸುತ್ತೋಲೆಯೂ ಶಹಾಬಾದಿನ ಕಡೆ ಅಷ್ಟು ಸಲೀಸಲ್ಲ. ಎಷ್ಟೋ ಕಡೆ ಗುದ್ದಲಿ ಸ್ವಲ್ಪ ಇಳಿಯುವಷ್ಟರಲ್ಲಿ ಹಾಸುಗಲ್ಲು ಸಿಗುತ್ತದೆ, ಮುಂದಕ್ಕೆ ಜೆಸಿಬಿಯೇ ಬರಬೇಕು. ಆಗ ಎಲ್ಲರ ಕಣ್ಣು ಬೀಳುವುದು ಕೆಲಸ ನಿಂತ ಹಳೆಯ ಖಣಿಗಳ ಮೇಲೆ. ಒಗೆದರಾಯಿತು, ನೀರಲ್ಲಿ ಮುಳುಗಿತು. ಸುಣ್ಣದ ಕಲ್ಲಿನಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ, ಸೋಸಿಕೊಳ್ಳದೆಯೇ. ಇವತ್ತು ಖಣಿಗೆ ಹಾಕಿದ್ದು ನಾಳೆ ಯಾರ ಬೋರಿನಲ್ಲಿ ಬರುತ್ತದೋ ಹೇಳಲಾಗದು.

ಒಂದು ಕಾಲಕ್ಕೆ ಈ ಚಿಂತೆಯೇ ಇರಲಿಲ್ಲ. ಊರ ಹೊರಗೆ ದನ ಬಿದ್ದರೆ ರಣಹದ್ದುಗಳು ಇಳಿದು ಒಂದೇ ದಿನದಲ್ಲಿ ಎಲುಬು ಬಿಟ್ಟು ಉಳಿದದ್ದನ್ನೆಲ್ಲ ಮುಗಿಸುತ್ತಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಹೆಣದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ನೂರಕ್ಕೆ 99ಕ್ಕೂ ಹೆಚ್ಚು ಅಳಿಯಿತು. ದನಗಳಿಗೆ ಆ ಔಷಧ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಹದ್ದಿನ ಜಾಗಕ್ಕೆ ನಾಯಿ ಬಂತು, ನಾಯಿಯ ಜೊತೆ ಹುಚ್ಚುನಾಯಿ ರೋಗ. 2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಲೆಕ್ಕದಂತೆ, ಹದ್ದುಗಳು ಹೋದದ್ದರಿಂದ 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತಿರಬಹುದು. ಹೆಣ ಬಿದ್ದಲ್ಲೇ ಬಿಡುವುದು ಪ್ರಕೃತಿಗೆ ಒಳ್ಳೆಯದೆಂಬ ಮಾತು ಹದ್ದುಗಳಿದ್ದ ಕಾಲದ್ದು.

ಹಕ್ಕಿಗಳ ಬಗ್ಗೆ ನಮ್ಮ ಭಾಗದವರಿಗೆ ಪಾಠ ಸಿಕ್ಕದ್ದು 2016ರ ಮೇ ತಿಂಗಳಲ್ಲಿ, ಪಕ್ಕದ ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನಲ್ಲಿ ಕೋಳಿಜ್ವರ ಬಂದಾಗ. ಭೋಪಾಲದ ಪ್ರಯೋಗಾಲಯ ಖಚಿತಪಡಿಸಿದ ಮೇಲೆ, ನಿಯಮದಂತೆ ಒಂದು ಕಿಲೋಮೀಟರ್ ಸುತ್ತಲ ಕೋಳಿಗಳನ್ನು ಕೊಲ್ಲಬೇಕು, ಹತ್ತು ಕಿಲೋಮೀಟರ್ ತನಕ ನಿಗಾ ಇಡಬೇಕು. 2025ರ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಅದೇ ರೋಗ ಸಂಡೂರಿನ ಕುರೆಕುಪ್ಪದಲ್ಲಿಯೂ ಚಿಕ್ಕಬಳ್ಳಾಪುರದ ಕಡೆಯೂ ಕಾಣಿಸಿತು. ಒಂದು ಕಾಗೆ ಅಂಗಳದಲ್ಲಿ ಸತ್ತರೆ ಇಲಿಗೆ ಹೇಳಿದ ಚೀಲದ ಉಪಾಯವೇ ಸಾಕು. ಹತ್ತು ಕಾಗೆ, ಕೆರೆಯಂಚಿನ ಕೊಕ್ಕರೆ, ಹಿತ್ತಿಲ ಕೋಳಿ ಒಟ್ಟಿಗೆ ಬಿದ್ದರೆ ಏನನ್ನೂ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಬಿತ್ತನೆಯ ದಿನಗಳಲ್ಲಿ ನವಿಲುಗಳು ಗುಂಪಾಗಿ ಸತ್ತರೆ ಔಷಧ ಲೇಪಿಸಿದ ಬೀಜವೋ ಬೇಕೆಂದೇ ಇಟ್ಟ ವಿಷವೋ ಇರಬಹುದು. ಅದನ್ನು ತಿಳಿಯಲು ಹೊಟ್ಟೆಯಲ್ಲಿನ ಕಾಳೇ ಸಾಕ್ಷಿ. ಹೂತುಬಿಟ್ಟರೆ ಸಾಕ್ಷಿಯನ್ನೂ ಹೂತಂತೆ.

ಹೂಳುವ ಅವಸರ ಹೆಚ್ಚಾಗಿ ಭಯದಿಂದ ಬರುತ್ತದೆ. 'ಫಾರೆಸ್ಟ್‌ನವರಿಗೆ ಹೇಳಿದ್ರ ನಮ್ಮ ಮ್ಯಾಲೇ ಕೇಸ್ ಹಾಕ್ತಾರ್ರಿ' ಎನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಸಿಕ್ಕ ವನ್ಯಜೀವಿ ಸರ್ಕಾರದ ಸ್ವತ್ತು. ಅದು ಕೈಗೆ ಬಂದವರು 48 ತಾಸಿನೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಅಂದರೆ ಹೇಳಿದವನು ಕಾಯ್ದೆ ಪಾಲಿಸಿದವನು. ಚಿಗರಿಯ ಕೊಂಬನ್ನು ಗೋಡೆಗೆ ಹೊಡೆದವನು, ಕಾಡುಪ್ರಾಣಿಯ ಉಗುರನ್ನು ತಾಯಿತಕ್ಕೆ ಕಟ್ಟಿಸಿದವನು ಸಿಕ್ಕಿಬೀಳುವವನು. ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶು ಚಿಕಿತ್ಸೆಯ ವಾಹನಕ್ಕೆ 1962. ಜಾಗದ ಫೋಟೋ ಒಂದು ತೆಗೆದಿಟ್ಟು, ಬುಟ್ಟಿಯನ್ನೋ ತಗಡನ್ನೋ ಮುಚ್ಚಿ ಕಲ್ಲು ಹೇರಿ ನಾಯಿ ತಪ್ಪಿಸಿದರೆ, ಅವರು ಬರುವ ತನಕ ಮನೆಯವರ ಕೆಲಸ ಮುಗಿಯಿತು.

ಆಮೇಲೆ ಎತ್ತುವವರು ಯಾರು? ಈ ಪ್ರಶ್ನೆಗೆ ನಮ್ಮ ಊರುಗಳು ತಲೆಮಾರುಗಳಿಂದ ಕೊಟ್ಟ ಉತ್ತರ ಒಂದು ಜಾತಿಯ ಹೆಸರು. ಕೇರಿಯಿಂದ ಒಬ್ಬನನ್ನು ಕರೆಸಿ, ಬರಿಗೈಯಲ್ಲಿ ಎಳೆಸಿ, ದೂರದಿಂದ ಕಾಸು ಎಸೆದರೆ ಊರು ಶುದ್ಧ. ಸತ್ತ ದನದ ಮಾಂಸವನ್ನೂ ಈ ಬಿಟ್ಟಿ ಚಾಕರಿಯನ್ನೂ ಬಿಡಿ ಎಂದು ಅಂಬೇಡ್ಕರ್ 1927ರ ಮಹಾಡ್ ಹೋರಾಟದ ಕಾಲದಿಂದಲೇ ಹೇಳುತ್ತ ಬಂದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದವರನ್ನು ಕಟ್ಟಿ ಹೊಡೆದ ಮೇಲೆ ಅಲ್ಲಿಯ ದಲಿತರು ಹೆಣ ಎತ್ತುವುದನ್ನೇ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯಾಯಿತು. ಚಿಗಟ, ಉಣ್ಣೆ, ನೆರಡಿಯ ಲೆಕ್ಕ ತಿಳಿದ ಮೇಲೆ, ಯಾವ ರಕ್ಷಣೆಯೂ ಇಲ್ಲದೆ ಅವರು ಹೊತ್ತ ಅಪಾಯ ಎಷ್ಟು ದೊಡ್ಡದಿತ್ತೆಂದು ಈಗ ಅರ್ಥವಾಗುತ್ತದೆ.

ಊರ ನೈರ್ಮಲ್ಯದ ಹೊಣೆ ಗ್ರಾಮ ಪಂಚಾಯಿತಿಯದು. ಮೊಣಕೈ ತನಕ ಬರುವ ರಬ್ಬರ್ ಗ್ಲೌಸ್, ಗಂಬೂಟು, ಮಾಸ್ಕ್, ದಪ್ಪ ಚೀಲ, ಬ್ಲೀಚಿಂಗ್ ಪೌಡರ್, ಉದ್ದ ಹಿಡಿಕೆಯ ಸಲಿಕೆ, ಇಷ್ಟನ್ನು ಪಂಚಾಯಿತಿ ಕಚೇರಿಯ ಮೂಲೆಯಲ್ಲಿ ಇಡಲು ದೊಡ್ಡ ಬಜೆಟ್ಟು ಬೇಡ. ಜೊತೆಗೆ ಬಾವಿ, ಖಣಿ, ಹಳ್ಳಗಳಿಂದ ದೂರವಿರುವ, ಮಣ್ಣು ಆಳವಾಗಿರುವ ಒಂದು ತುಂಡು ಸರ್ಕಾರಿ ಜಾಗವನ್ನು ಮೊದಲೇ ಗುರುತಿಸಿ ಬೇಲಿ ಹಾಕಿಸಬೇಕು. ಹೆಣ ಬಿದ್ದ ದಿನ ಜಾಗ ಹುಡುಕಲು ಹೊರಟರೆ ಅದು ಹೋಗಿ ಸೇರುವುದು ಮತ್ತೆ ಖಣಿಗೇ, ಇಲ್ಲವೇ ಕೇರಿಯ ಪಕ್ಕಕ್ಕೇ.